ಇಂಜಿನ್ನಿಗೆ ಬಂದ ಭಾವ

ಉಡುಪಿಯಲ್ಲಿ ಬೊಂಬಾಯಿ ಬಸ್ಸು ಹತ್ತುವಾಗ ನನ್ನ ಹತ್ತಿರ ಎರಡು ಚೀಲಗಳಿದ್ದವು. ಒಂದರಲ್ಲಿ ಬರೋಡದ ಅಕ್ಕನಿಗೆಂದು ನನ್ನ ಹೆಂಡತಿ ಕಟ್ಟಿಕೊಟ್ಟ ಹಲಸಿನ ಹಪ್ಪಳ, ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ. ಇನ್ನೊಂದರಲ್ಲಿ ಸ್ಪ್ಯಾನರುಗಳು ಮತ್ತು ಸಿಲಿಂಡರಿನ ಒಳಗಿನ ಅಗಲ ಅಳೆಯುವ ಬೋರ್ ಗೇಜು. ಕಂಡಕ್ಟರ್ ಎರಡನ್ನೂ ಟಾಪಿಗೆ ಹಾಕಿ ಎಂದ. ಉಪ್ಪಿನಕಾಯಿಯನ್ನು ಟಾಪಿಗೆ ಕಳಿಸಿ ಗೇಜನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕೊಂಕಣ ರೈಲು ಇನ್ನೂ ಪೂರ್ತಿ ಓಡಲು ಶುರುವಾಗಿರಲಿಲ್ಲ. ಹಗಲೂ ರಾತ್ರಿಯೂ ಬಸ್ಸಿನಲ್ಲಿ ಕುಲುಕಿಸಿಕೊಂಡು ಬೊಂಬಾಯಿ ಸೇರಿ, ಅಲ್ಲಿಂದ ರೈಲು ಹಿಡಿದು ಗುಜರಾತಿಗೆ ಹೋಗಬೇಕಿತ್ತು.

ಮಲ್ಪೆ ಬಂದರಿನ ಹತ್ತಿರ ನನ್ನದೊಂದು ಲೇತ್ ಶಾಪು ಉಂಟು. ಮೀನು ಹಿಡಿಯುವ ಬೋಟುಗಳ ಇಂಜಿನ್ ಬೋರ್ ಮಾಡುವುದೇ ಮುಖ್ಯ ಕೆಲಸ. ಬೋರ್ ಮಾಡುವುದೆಂದರೆ ಸವೆದ ಸಿಲಿಂಡರನ್ನು ಸ್ವಲ್ಪ ಕೊರೆದು, ಅಗಲ ಮಾಡಿ, ಅದಕ್ಕೆ ಸರಿಯಾದ ದೊಡ್ಡ ಪಿಸ್ಟನ್ ಕೂರಿಸುವುದು. ಬೋಟಿನವರಿಗೆ ಇದು ಬರೀ ರಿಪೇರಿ. ಸ್ಪೋರ್ಟ್ಸ್ ಕಾರಿನ ಹುಚ್ಚು ಹಿಡಿದವರಿಗೆ ಮಾತ್ರ ಇದು ಬೇರೆಯೇ ವಿದ್ಯೆ. ಕೊರೆದಷ್ಟೂ ಇಂಜಿನ್ ದೊಡ್ಡದಾಗುತ್ತದೆ, ದೊಡ್ಡದಾದಷ್ಟೂ ಓಟ ಜೋರಾಗುತ್ತದೆ.

ಆ ಹುಚ್ಚು ನನಗೂ ಇತ್ತು. ಮಂಗಳೂರಿನಲ್ಲಿ ಮುಚ್ಚಿಹೋದ ಒಂದು ಹಂಚಿನ ಕಾರ್ಖಾನೆಯ ಶೆಡ್ಡಿನಿಂದ ಇಂಗ್ಲೆಂಡಿನ ಎರಡು ಸೀಟಿನ ಹಳೆಯ ಕಾರೊಂದನ್ನು ನಾನು ತಂದಿದ್ದೆ. ಮೈ ಚೆನ್ನಾಗಿತ್ತು, ಇಂಜಿನ್ ಒಡೆದಿತ್ತು. ಅದು ನನ್ನ ಶಾಪಿನ ಹಿಂದೆ ಟಾರ್ಪಾಲಿನ ಅಡಿಯಲ್ಲಿ ವರ್ಷಗಟ್ಟಲೆ ಮಲಗಿತ್ತು. ಚಿಕ್ಕಂದಿನಲ್ಲಿ ಅಪ್ಪನ ಸ್ಕೂಟರನ್ನು ನಾನು ಬಿಚ್ಚುವಾಗ ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದವಳು ಅಕ್ಕ ಸುಮತಿ. ಕೊನೆಕೊನೆಗೆ ನಾನೇ ಹಿಡಿದು ಕೂರುವುದು, ಅವಳು ಬಿಚ್ಚುವುದು ಎಂದಾಗಿತ್ತು. ಒಂದಲ್ಲ ಒಂದು ದಿನ ಇಂಥ ಕಾರಿನಲ್ಲಿ ಅವಳನ್ನು ಕೂರಿಸಿಕೊಂಡು, ಒಂದು ಬದಿ ಕಡಲು ಒಂದು ಬದಿ ಹೊಳೆ ಇರುವ ಮರವಂತೆಯ ರಸ್ತೆಯಲ್ಲಿ ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಅಷ್ಟರಲ್ಲಿ ಅವಳ ಮದುವೆಯಾಯಿತು. ಭಾವ ವಾಸುದೇವ ನಮ್ಮ ಕಡೆಯವರೇ, ಬರೋಡದ ಅಲ್ಕಾಪುರಿಯಲ್ಲಿ ಅವರ ಹೋಟೆಲು. ಒಳ್ಳೆಯ ಮನುಷ್ಯ, ಮಸಾಲೆ ದೋಸೆ ಬಿಟ್ಟು ಬೇರೆ ಲೋಕ ಗೊತ್ತಿಲ್ಲ ಎಂದೇ ನಾನು ತಿಳಿದಿದ್ದೆ. ಹಾಗಿರುವಾಗ ಒಂದು ದಿನ ಅಂಚೆಯಲ್ಲಿ ಫೋಟೋ ಬಂತು. ನನ್ನದೇ ಜಾತಿಯ ಕಾರು, ಕೆಂಪು ಬಣ್ಣ, ಬಾನೆಟ್ಟಿನಲ್ಲಿ ಮುಖ ನೋಡಿಕೊಳ್ಳಬಹುದಾದ ಹೊಳಪು. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಾಳೆ, ಪಕ್ಕದಲ್ಲಿ ಭಾವ ಹಲ್ಲು ಬಿಟ್ಟು ನಿಂತಿದ್ದಾರೆ. ನನ್ನ ಕಾರಿಗೆ ಇಂಜಿನ್ ಇಲ್ಲ; ಭಾವನ ಕಾರಿಗೆ ಇಂಜಿನ್ನೂ ಉಂಟು, ಅಕ್ಕನೂ ಇದ್ದಾಳೆ. ಅಂದು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಹೊಟ್ಟೆಕಿಚ್ಚಿಗೆ ಹೊಟ್ಟೆಕಿಚ್ಚು ಎಂದೇ ಹೇಳಬೇಕು, ಬೇರೆ ಹೆಸರಿಟ್ಟರೆ ಅದು ತಣಿಯುವುದಿಲ್ಲ.

ಅಹಮದಾಬಾದಿನ ಬ್ಯಾಂಕಿನಲ್ಲಿರುವ ನನ್ನ ಶಾಲೆಯ ಗೆಳೆಯ ಗೋಪಾಲನಿಗೆ ಈ ಸಂಕಟ ಗೊತ್ತಿತ್ತು. ಮುಚ್ಚಿದ ಬಟ್ಟೆಗಿರಣಿಯೊಂದರ ಸಾಮಾನು ಕೊಂಡ ಗುಜರಿ ವ್ಯಾಪಾರಿಯ ಹತ್ತಿರ ಅಂಥದೇ ಕಾರಿನ ಇಂಜಿನ್ ಉಂಟು, ಗಿರಣಿಯ ಮನೆತನದ ಹುಡುಗರು ರೇಸಿಗೆ ಓಡಿಸುತ್ತಿದ್ದರಂತೆ, ಬೇಗ ಬಾ ಎಂದು ಅವನು ಬರೆದ. ನಾನು ಅಂದೇ ಲೆಕ್ಕ ಹಾಕಿದೆ. ಆ ಇಂಜಿನ್ ಚೆನ್ನಾಗಿದ್ದರೆ ಕೊಳ್ಳುವುದು, ಊರಿಗೆ ತಂದು ಕೊರೆಯುವುದು, ಭಾವನದಕ್ಕಿಂತ ದೊಡ್ಡದು ಮಾಡುವುದು. ಸಿಲಿಂಡರಿನ ಗೋಡೆ ಆಗಲೇ ತೆಳುವಾಗಿದ್ದು ಕೊರೆಯಲು ಬಾರದೆ ಹೋದರೆ ಕೊಳ್ಳುವುದೇ ಬೇಡ. ಇಷ್ಟು ನಿಶ್ಚಯ ಮಾಡಿಕೊಂಡೇ ನಾನು ಹೊರಟದ್ದು.

ಬೊಂಬಾಯಿಯಲ್ಲಿ ರೈಲು ಹತ್ತಿದವನು ಮೊದಲು ಸೂರತ್ತಿನಲ್ಲಿ ಇಳಿದೆ. ಜನವರಿಯ ಮೊದಲ ವಾರ, ಕಡಲ ಕರೆಯ ನಮಗೆ ಅದೇ ದೊಡ್ಡ ಚಳಿ. ಎರಡು ವರ್ಷದ ಹಿಂದೆ ಪ್ಲೇಗಿನ ಸುದ್ದಿಯಿಂದ ಇಡೀ ದೇಶ ಹೆದರಿ ನೋಡಿದ ಊರು ಇದೇನಾ ಎನ್ನುವಷ್ಟು ರಸ್ತೆಗಳು ಶುಚಿಯಾಗಿದ್ದವು. ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಕಾಪು ಕಡೆಯ ಮ್ಯಾನೇಜರ್ ಒಬ್ಬರು ನನ್ನ ಮಾತು ಕೇಳಿಯೇ ಊರು ಯಾವುದೆಂದು ಹೇಳಿದರು. ಸಾಂಬಾರಿಗೆ ಬೆಲ್ಲ ಜಾಸ್ತಿಯಾಗಿತ್ತು. ಹಾಗೆ ಹಾಕದಿದ್ದರೆ ಇಲ್ಲಿಯವರು ಮುಟ್ಟುವುದಿಲ್ಲ ಎಂದು ಅವರೇ ಸಮಾಧಾನ ಹೇಳಿ, ಸಂಜೆ ತಾಪಿ ಹೊಳೆಯ ದಂಡೆಯಲ್ಲಿ ಪೋಂಕ್ ತಿನ್ನಿಸಿದರು. ಎಳೆಯ ಜೋಳದ ತೆನೆಯನ್ನು ಸುಟ್ಟು ಬಡಿದು, ಹಸಿರು ಕಾಳಿಗೆ ಖಾರದ ಸೇವು ಬೆರೆಸಿ ಕೊಡುತ್ತಾರೆ. ನಮ್ಮ ಬಯಲುಸೀಮೆಯವರು ಇದನ್ನೇ ಸೀತನಿ ಎನ್ನುತ್ತಾರಂತೆ.

ಹಳೆಯ ಕಾರಿನ ಇಂಜಿನ್ ಹುಡುಕಿ ಬಂದವನು ಎಂದು ಗೊತ್ತಾದದ್ದೇ ಮ್ಯಾನೇಜರ್ ನನ್ನನ್ನು ಒಂದು ಮಗ್ಗದ ಶೆಡ್ಡಿಗೆ ಕರೆದುಕೊಂಡು ಹೋದರು. ಅಲ್ಲಿ ಕರೆಂಟು ಹೋದಾಗ ಜನರೇಟರ್ ತಿರುಗಿಸುವುದಕ್ಕೆ ಒಂದು ಇಂಜಿನ್ ಇತ್ತು. ಹತ್ತಿರ ಹೋಗಿ ನೋಡುತ್ತೇನೆ, ನನ್ನ ಕಾರಿನ ಇಂಜಿನ್ನಿನ ಅಣ್ಣನೋ ತಮ್ಮನೋ! ಎರಡು ಕಾರ್ಬ್ಯುರೇಟರ್ ಇದ್ದ ಜಾಗದಲ್ಲಿ ಒಂದು ಸ್ಕೂಟರಿನದನ್ನು ಸಿಕ್ಕಿಸಿದ್ದರು. ಸೈಲೆನ್ಸರಿನ ಬದಲು ಒಂದು ನೀರಿನ ಪೈಪು. ಕೊಡುತ್ತೀರಾ ಎಂದು ಮ್ಯಾನೇಜರ ಬಾಯಿಂದ ಮಾಲಿಕರನ್ನು ಕೇಳಿಸಿದೆ. ದಿನಾ ಓಡುವ ವಸ್ತುವನ್ನು ಯಾರು ಕೊಡುತ್ತಾರೆ, ನಿಂತಮೇಲೆ ಬನ್ನಿ ಎಂದರು. ಆಗಲೇ ಕರೆಂಟು ಹೋಯಿತು, ಇಂಜಿನ್ ಗುಡುಗಿತು, ಮಗ್ಗಗಳೆಲ್ಲ ಮತ್ತೆ ತಟತಟ ಎಂದವು. ನನ್ನ ಕಾರು ಟಾರ್ಪಾಲಿನ ಅಡಿಯಲ್ಲಿ ಮಲಗಿರುವಾಗ ಇಲ್ಲಿ ಸೀರೆ ನೇಯಲು ಅಂಥ ಇಂಜಿನ್ ಓಡುತ್ತಿದೆಯಲ್ಲ ಎಂದು ಆ ಮಗ್ಗಗಳ ಮೇಲೂ ನನಗೆ ಹೊಟ್ಟೆ ಉರಿಯಿತು.

ಮಾರನೆಯ ದಿನ ಸೂರತ್ತಿನಿಂದ ಬರೋಡಕ್ಕೆ ಎರಡು ಗಂಟೆಯ ರೈಲು. ಭರೂಚಿನಲ್ಲಿ ನರ್ಮದೆಯ ಉದ್ದನೆಯ ಸೇತುವೆ ದಾಟುವಾಗ ಗಾಡಿಯಲ್ಲಿದ್ದವರು ನೀರಿಗೆ ಕಾಸು ಎಸೆದು ಕೈ ಮುಗಿದರು. ಉಪ್ಪು ಹಾಕಿ ಹುರಿದ ಅಲ್ಲಿಯ ಶೇಂಗಾ ನಾನು ತಿಂದವುಗಳಲ್ಲೆಲ್ಲ ಒಳ್ಳೆಯದು. ಬೋರ್ಡಿನಲ್ಲಿ ವಡೋದರ ಎಂದಿದೆ, ಆದರೆ ಇಳಿಯುವವರೆಲ್ಲ ಬರೋಡ ಬಂತು ಎಂದೇ ಎದ್ದರು. ಸ್ಟೇಷನ್ನಿನಿಂದ ಅಲ್ಕಾಪುರಿಗೆ ನಡೆದು ಹೋಗುವಷ್ಟೇ ದೂರ. ಆದರೂ ಕೆಂಪು ಕಾರು ಬಂದು ನಿಂತಿತ್ತು.

ಸ್ಟಿಯರಿಂಗ್ ಹಿಡಿದು ಕೂತಿದ್ದವಳು ಅಕ್ಕ. ಭಾವ ನನ್ನ ಚೀಲಗಳನ್ನು ತೆಗೆದುಕೊಂಡು, ಇದರಲ್ಲಿ ಇಬ್ಬರಿಗೇ ಜಾಗ ಮಾರಾಯ ಎಂದು ಆಟೋ ಹತ್ತಿದರು. ಅಕ್ಕ ಗೇರ್ ಹಾಕಿದ ರೀತಿ ನೋಡಿದೆ, ಒಂದು ಸಣ್ಣ ಕೊಸರಾಟವೂ ಇಲ್ಲ. ಯಾರು ಕಲಿಸಿದ್ದು ಎಂದು ಕೇಳಿದೆ. ಭಾವನೇ ಎಂದಳು. ಅಪ್ಪನ ಸ್ಕೂಟರನ್ನು ಮೈದಾನದಲ್ಲಿ ಅವಳಿಗೆ ಕಲಿಸಿದ್ದು ನಾನು. ಅದು ಲೆಕ್ಕಕ್ಕೇ ಬರಲಿಲ್ಲ.

ಅಂದು ಊಟಕ್ಕೆ ಕೂತಾಗ ನಾನು ಸುಮ್ಮನಿರಬಹುದಿತ್ತು. ಆದರೆ ಭಾವ ತಮ್ಮ ಕಾರು ಮೊನ್ನೆ ಯಾವುದೋ ಹೊಸ ಕಾರನ್ನು ಹಿಂದೆ ಹಾಕಿದ ಕಥೆಯನ್ನು ಎರಡು ಸಲ ಹೇಳಿದರು. ಮೂರನೆಯ ಸಲ ಶುರು ಮಾಡುವ ಮೊದಲೇ ನಾನು ಅಹಮದಾಬಾದಿನ ರೇಸ್ ಇಂಜಿನ್ನಿನ ಸುದ್ದಿ ಬಿಟ್ಟೆ. ಅದನ್ನು ಎಷ್ಟು ಕೊರೆಯುತ್ತೇನೆ, ಎಷ್ಟು ದೊಡ್ಡದು ಮಾಡುತ್ತೇನೆ, ಆಮೇಲೆ ಈ ಜಾತಿಯ ಯಾವ ಕಾರೂ ಅದರ ಮುಂದೆ ನಿಲ್ಲುವುದಿಲ್ಲ ಎಂದು ಕೈಯಲ್ಲಿ ಅಳತೆ ತೋರಿಸಿ ಹೇಳಿದೆ. ಅಕ್ಕ ಊಟ ಬಿಟ್ಟು ಕೇಳುತ್ತಿದ್ದಳು. ಯಾವ ಅಂಗಡಿ, ಎಲ್ಲಿ ಎಂದು ಭಾವ ಕೇಳಿದರು. ಕಾಲುಪುರ ಸ್ಟೇಷನ್ನಿನ ಆಚೆ, ಗಿರಣಿಗಳ ಬೀದಿಯಲ್ಲಿ ಎಂದು ವಿಳಾಸವನ್ನೇ ಹೇಳಿಬಿಟ್ಟೆ. ಭಾವ ಮಜ್ಜಿಗೆ ಬಡಿಸಿಕೊಂಡು, ಅಯ್ಯೋ ಒಳ್ಳೆಯದೇ ಆಯಿತಲ್ಲ ಎಂದರು.

ಮರುದಿನವೇ ಹೊರಡುತ್ತೇನೆ ಎಂದರೆ ಅಕ್ಕ ಬಿಡಲಿಲ್ಲ. ಭಾವ ಮಾತ್ರ ಬೆಳಿಗ್ಗೆ ಬೇಗ ಎದ್ದು ಎಲ್ಲಿಗೋ ಹೊರಟಿದ್ದರು. ಕಾಫಿಪುಡಿಗೆ ಅಹಮದಾಬಾದಿಗೆ ಹೋಗಿ ಬರಬೇಕು ಎಂದರು. ನಾನು ಅಷ್ಟು ಗಮನ ಕೊಡಲಿಲ್ಲ. ಸಂಜೆ ಅಕ್ಕ ನನ್ನನ್ನು ಕಾರಿನಲ್ಲಿ ಕೊಯಾಲಿಯ ಕಡೆಗೆ ಕರೆದುಕೊಂಡು ಹೋದಳು. ಊರು ದಾಟಿದರೆ ರಸ್ತೆ ಚೆನ್ನಾಗಿದೆ, ದೂರದಲ್ಲಿ ರಿಫೈನರಿಯ ಚಿಮಣಿಯ ತುದಿಯಲ್ಲಿ ಬೆಂಕಿ ಉರಿಯುತ್ತಿರುತ್ತದೆ, ಗಾಳಿಯಲ್ಲಿ ಎಣ್ಣೆಯ ವಾಸನೆ. ಇಂಜಿನ್ನಿನ ಶಬ್ದಕ್ಕೆ ನಾನು ಕಿವಿ ಕೊಟ್ಟು ಕೂತಿದ್ದೆ. ಎಲ್ಲಾದರೂ ಒಂದು ಟಕಟಕ, ಒಂದು ಕೆಮ್ಮು ಸಿಕ್ಕರೆ ಸಾಕಿತ್ತು. ಸಿಗಲಿಲ್ಲ. ಹೊಗೆಯೂ ಇಲ್ಲ. ಬಿಚ್ಚಿ ಕಟ್ಟಿದ್ದು ಯಾರು ಎಂದೆ. ನಾನೇ, ಆದರೆ ದಿನಾ ಒರಸುವುದು ನಿನ್ನ ಭಾವ, ಮಗುವಿನ ಮುಖ ಒರಸಿದ ಹಾಗೆ ಒರಸುತ್ತಾರೆ ಎಂದು ನಕ್ಕಳು. ಆ ನಗುವಿನಲ್ಲಿದ್ದ ಪ್ರೀತಿಯನ್ನು ನನ್ನಿಂದ ಸಹಿಸಲಾಗಲಿಲ್ಲ. ಚಿಮಣಿಯ ಬೆಂಕಿಯನ್ನು ನೋಡುತ್ತಾ, ನಿನ್ನ ಉರಿ ಹೊರಗೆ ಕಾಣುತ್ತದೆ ಅಷ್ಟೇ ವ್ಯತ್ಯಾಸ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಅದರ ಮರುದಿನ ಬೆಳಗಿನ ರೈಲಿಗೆ ಅಹಮದಾಬಾದಿಗೆ ಹೋದೆ. ಸಂಕ್ರಾಂತಿ ಹತ್ತಿರ ಬಂದಿತ್ತು. ಅಲ್ಲಿ ಅದು ಗಾಳಿಪಟದ ಹಬ್ಬ. ಬೀದಿಯ ಬದಿಯಲ್ಲಿ ಕಂಬದಿಂದ ಕಂಬಕ್ಕೆ ದಾರ ಕಟ್ಟಿ, ಗಾಜಿನ ಪುಡಿ ಬೆರೆತ ಗುಲಾಬಿ ಬಣ್ಣದ ಅಂಟು ಸವರುತ್ತಿದ್ದರು. ಪಕ್ಕದವನ ಪಟವನ್ನು ಕತ್ತರಿಸಿ ಕೆಡವುವುದಕ್ಕೆ ಇಷ್ಟು ತಯಾರಿ, ಅದೂ ಇಷ್ಟು ಬಹಿರಂಗವಾಗಿ. ಎಂಥ ಪ್ರಾಮಾಣಿಕ ಜನ ಎಂದು ನನಗೆ ಮೆಚ್ಚುಗೆಯಾಯಿತು. ಸಾಬರಮತಿಯಲ್ಲಿ ನೀರಿಗಿಂತ ಮರಳೇ ಹೆಚ್ಚು, ಅದರ ಮೇಲೆ ಕ್ರಿಕೆಟ್ ನಡೆದಿತ್ತು.

ಗೋಪಾಲನ ಮನೆ ಊರಿನ ಇನ್ನೊಂದು ತುದಿಯ ವಸ್ತ್ರಾಪುರದಲ್ಲಿ. ಅವನು ಜೊತೆಗೆ ಬಂದು ಗುಜರಾತಿಯಲ್ಲಿ ಮಾತಾಡಿ ಕೊಡುತ್ತೇನೆ ಎಂದಿದ್ದ. ಹೋಗಿ ನೋಡಿದರೆ ಬ್ಯಾಂಕಿಗೆ ಆಡಿಟಿನವರು ಬಂದಿದ್ದಾರೆಂದು ಬೆಳಿಗ್ಗೆಯೇ ಓಡಿದ್ದನಂತೆ. ಅವನ ಹೆಂಡತಿ ಚಹಾ ಕೊಟ್ಟು, ಹಿಂದಿ ಬಂದರೆ ಸಾಕು, ಅವರಿಗೆಲ್ಲ ಹಿಂದಿ ಬರುತ್ತದೆ ಎಂದು ಧೈರ್ಯ ಹೇಳಿದರು. ನನಗೆ ಬರುವ ಹಿಂದಿ ಸಿನಿಮಾದ್ದು. ಬೆಲೆ ಕೇಳುವುದಕ್ಕೆ ‘ಕಿತನಾ’ ಎನ್ನುವ ಒಂದೇ ಶಬ್ದ ಗೊತ್ತು. ಇಲ್ಲಿಗೆ ಬಂದಮೇಲೆ ಕಲಿತ ಗುಜರಾತಿಯೆಂದರೆ ‘ಸಾರು’, ‘ಸಾರೋ’, ಅಂದರೆ ಒಳ್ಳೆಯದು. ಎಲ್ಲದಕ್ಕೂ ಅದನ್ನೇ ಹೇಳುತ್ತಾರೆ.

ಆಟೋದವನು ಗಿರಣಿಗಳ ಬೀದಿಯಲ್ಲಿ ಇಳಿಸಿದ. ಎತ್ತರದ ಇಟ್ಟಿಗೆಯ ಚಿಮಣಿಗಳು ಹೊಗೆಯಿಲ್ಲದೆ ನಿಂತಿದ್ದವು, ಗೇಟುಗಳಿಗೆ ಬೀಗ. ಗುಜರಿ ಅಂಗಡಿಯ ಶೇಠ್ ಬಿಳಿ ಗಾದಿಯ ಮೇಲೆ ಕೂತು ಬಸಿಯಲ್ಲಿ ಚಹಾ ಹೀರುತ್ತಿದ್ದರು. ನನಗೂ ಅರ್ಧ ಬಸಿ ಕೊಟ್ಟರು. ಒಳಗೆ ನೂಲಿನ ಯಂತ್ರದ ಬಿಡಿಭಾಗಗಳ ನಡುವೆ ಮರದ ಹಲಗೆಯ ಮೇಲೆ ಇಂಜಿನ್ ಇತ್ತು. ಎರಡು ಕಾರ್ಬ್ಯುರೇಟರ್ ಇದ್ದವು, ನಂಬರ್ ಪಟ್ಟಿ ಇತ್ತು. ಮುಂದಿನ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದೆ, ಬೆಣ್ಣೆಯಂತೆ ತಿರುಗಿತು. ಇನ್ನು ಹೆಡ್ಡನ್ನು, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳವನ್ನು, ಬಿಚ್ಚಿ ಒಳಗೆ ಗೋಡೆ ಎಷ್ಟು ಉಳಿದಿದೆ ಎಂದು ನೋಡುವುದೊಂದೇ ಬಾಕಿ. ಹೆಡ್ ಬಿಚ್ಚದೆ ಇಂಜಿನ್ ಕೊಳ್ಳುವವನಿಗೂ ಮುಖ ನೋಡದೆ ಮದುವೆಯಾಗುವವನಿಗೂ ಏನು ವ್ಯತ್ಯಾಸ ಎಂದು ಮಲ್ಪೆಯ ಬೋಟಿನವರಿಗೆಲ್ಲ ನಾನು ಉಪದೇಶ ಮಾಡುತ್ತಿದ್ದೆ. ಚೀಲದಿಂದ ಗೇಜನ್ನು ಅರ್ಧ ಹೊರಗೆ ತೆಗೆದಿದ್ದೆ. ಆಗ ಶೇಠ್ ಬಸಿ ಕೆಳಗಿಟ್ಟು ಹೇಳಿದರು.

“ಕಾಲೇ ಸಾರೋ ಭಾವ್ ಆವ್ಯೋ ಹತೋ.”

ಕಾಲೇ ಎಂದರೆ ನಿನ್ನೆ ಇರಬೇಕು, ಹಿಂದಿಯ ಕಲ್ ಇದ್ದ ಹಾಗೆ. ಸಾರೋ ಗೊತ್ತಿತ್ತು. ಆವ್ಯೋ ಎಂದರೆ ಬಂದದ್ದು. ನಿನ್ನೆ ಒಳ್ಳೆಯ ಭಾವ ಬಂದಿದ್ದರು! ನನ್ನ ಕಿವಿಯೊಳಗೆ ಗುಂಯ್ ಎಂದಿತು. ಕಾಫಿಪುಡಿ! ಕಾಫಿಪುಡಿಗೆ ಅಹಮದಾಬಾದಿನವರೆಗೆ ಯಾರು ಬರುತ್ತಾರೆ? ನಿನ್ನೆ ನಾನು ಅಕ್ಕನ ಜೊತೆ ಗಾಳಿ ಕುಡಿಯುತ್ತಿರುವಾಗ ಇವನು ಇಲ್ಲಿ ಬಂದು ಕೂತಿದ್ದ. ಸಿಟ್ಟಿನಲ್ಲಿ ನನ್ನ ಬಹುವಚನ ಉದುರಿಹೋಗಿತ್ತು.

“ಕಲ್ ಭಾವ ಆಯಾ?” ಎಂದು ಕೇಳಿದೆ.

“ಹಾಂ, ಆಯಾ ನಾ. ಅಚ್ಛಾ ಭಾವ್ ಆಯಾ,” ಎಂದರು ಶೇಠ್, ಹಿಂದಿಗೆ ಇಳಿದು.

“ಬರೋಡಾ ಸೇ?”

“ಬರೋಡಾ ಸೇ,” ಎಂದು ಅವರು ಸಂತೋಷದಿಂದ ತಲೆಯಾಡಿಸಿದರು. ನಾಳೆ ನಾಡಿದ್ದರಲ್ಲಿ ತಾನು ಅವರಿಗೆ ಹೌದು ಅಲ್ಲ ಹೇಳಬೇಕು ಎಂಬ ಅರ್ಥದಲ್ಲಿ ಇನ್ನೂ ಏನೋ ಹೇಳಿದರು.

ಇನ್ನು ಕೇಳುವುದೇನಿತ್ತು? ಗೇಜು ಚೀಲದೊಳಗೆ ಹೋಯಿತು. ಕಿತನಾ ಎಂದೆ. ಅವರು ಹೇಳಿದ್ದಕ್ಕೆ ಚೌಕಾಸಿ ಮಾಡದೆ ಒಪ್ಪಿದೆ. ಶೇಠ್ ನನ್ನ ಮುಖವನ್ನು ಎರಡು ಸಲ ನೋಡಿದರು. ಗುಜರಾತಿನಲ್ಲಿ ಚೌಕಾಸಿಯಿಲ್ಲದೆ ಕೊಳ್ಳುವವನನ್ನು ಅವರು ಮೊದಲು ಕಂಡಿರಲಿಕ್ಕಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಅದು ನನಗೆ ಆಮೇಲೆ ನೆನಪಾದದ್ದು. ಒಂದು ಟೆಂಪೋ ಹಿಡಿದು, ಇಂಜಿನ್ ಏರಿಸಿ, ಅದರ ಪಕ್ಕದಲ್ಲೇ ಕೂತು ಬರೋಡಕ್ಕೆ ಹೊರಟೆ. ದಾರಿಯುದ್ದಕ್ಕೂ ಭಾವನಿಗೆ ಏನೇನು ಹೇಳಬೇಕೆಂದು ಜೋಡಿಸುತ್ತಾ ಬಂದೆ. ಆಣಂದದಲ್ಲಿ ಟೆಂಪೋದವನು ಚಹಾಕ್ಕೆ ನಿಲ್ಲಿಸಿದಾಗಲೂ ಇಳಿಯಲಿಲ್ಲ.

ಹೋಟೆಲಿನ ಹಿಂದಿನ ಶೆಡ್ಡಿಗೆ ತಲುಪುವಾಗ ದೀಪ ಹಚ್ಚಿದ್ದರು. ಕೆಂಪು ಕಾರಿನ ಪಕ್ಕದಲ್ಲಿ ಇಂಜಿನ್ ಇಳಿಸುವುದನ್ನು ಭಾವ ಕೈ ಕಟ್ಟಿಕೊಂಡು ನೋಡಿದರು. ತಂದೇಬಿಟ್ಟೆಯಾ ಎಂದರು. ನಾನು ಅಷ್ಟಕ್ಕೇ ಕಾದಿದ್ದೆ. ನಿನ್ನೆ ನೀವು ಅಂಗಡಿಗೆ ಹೋಗಿ ಬಂದದ್ದು ನನಗೆ ಗೊತ್ತಾಯಿತು, ಮನೆಯಲ್ಲಿ ಕೂರಿಸಿ ಊಟ ಹಾಕಿ ಹಿಂದಿನಿಂದ ಹೀಗೆ ಮಾಡುವುದಾ ಎಂದು ಶುರು ಮಾಡಿದವನು, ಕಟ್ಟಿಕೊಂಡು ಬಂದ ಅಷ್ಟನ್ನೂ ಸುರಿದೆ. ಭಾವನ ಮುಖ ಬೆಳ್ಳಗಾಯಿತು. ಅಡುಗೆಮನೆಯಿಂದ ಓಡಿ ಬಂದ ಅಕ್ಕ, ಯಾರು ಹೇಳಿದ್ದು ಎಂದು ಕೇಳಿದಳು. ಶೇಠ್ ಎಂದೆ. ಏನು ಹೇಳಿದ, ಅವನು ಹೇಳಿದ ಹಾಗೆಯೇ ಹೇಳು ಎಂದಳು. ಶೇಠ್ ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ.

ಅಕ್ಕ ಕಾರಿನ ಬಾನೆಟ್ಟಿಗೆ ಕೈ ಊರಿ, ಬಗ್ಗಿ, ಉಸಿರು ಕಟ್ಟುವಷ್ಟು ನಕ್ಕಳು.

“ಭಾವ್ ಅಂದ್ರೆ ಇಲ್ಲಿ ರೇಟು, ಮಾರಾಯ! ನಿನ್ನೆ ಒಳ್ಳೆ ರೇಟು ಬಂದಿತ್ತು ಅಂತ ಅವ ಹೇಳಿದ್ದು. ಎಲ್ಲಾ ಅಂಗಡಿಯವರೂ ಹಾಗೆಯೇ ಹೇಳುವುದು, ಗಿರಾಕಿಯನ್ನು ಹೆದರಿಸ್ಲಿಕ್ಕೆ.”

ಬರೋಡದಿಂದ ಬಂತು ಎಂದನಲ್ಲ ಎಂದೆ. ಬರೋಡದಲ್ಲಿ ಗುಜರಿಯವರು ಎಷ್ಟು ಜನ ಇಲ್ಲ ಎಂದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ, ನನ್ನ ಕಿವಿಗೂ ಕಾಮಾಲೆ ಹಿಡಿದಿತ್ತು. ಭಾವನ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ನಾಚಿಕೆಯಾಯಿತು. ತಪ್ಪಾಯಿತು ಎಂದೆ. ಭಾವ ಸ್ವಲ್ಪ ತಡವಾಗಿ ನಕ್ಕರು. ಬಿಡು ಮಾರಾಯ, ಊಟಕ್ಕೆ ಬಾ ಎಂದು ಒಳಗೆ ಹೋದರು. ಅಂದು ನನಗೆ ಬೇಕೆಂದೇ ಎರಡು ಹೋಳಿಗೆ ಜಾಸ್ತಿ ಬಡಿಸಿದರು, ತಲೆ ತಗ್ಗಿಸಿ ತಿಂದೆ.

ಬೆಳಿಗ್ಗೆ ಭಾವ ತರಕಾರಿ ಮಾರ್ಕೆಟಿಗೆ ಹೋದಮೇಲೆ ಅಕ್ಕ ಸೆರಗು ಸಿಕ್ಕಿಸಿಕೊಂಡು ಶೆಡ್ಡಿಗೆ ಬಂದಳು. ಹೆಡ್ ಬಿಚ್ಚುವನಾ ಎಂದಳು. ನಟ್ಟುಗಳು ಬಿಗಿಯಾಗಿದ್ದವು. ನಾನು ಸ್ಪ್ಯಾನರ್ ಹಿಡಿದೆ, ಅವಳು ಪೈಪು ಸಿಕ್ಕಿಸಿ ಜಗ್ಗಿದಳು. ಎಷ್ಟೋ ವರ್ಷಗಳ ಮೇಲೆ ಇಬ್ಬರೂ ಒಂದೇ ಇಂಜಿನ್ನಿಗೆ ಕೈ ಹಾಕಿದ್ದು. ಮಾತಿಲ್ಲದೆಯೇ ಅವಳಿಗೆ ಯಾವುದು ಬೇಕೆಂದು ನನಗೆ ಗೊತ್ತಾಗುತ್ತಿತ್ತು. ಈ ಗಳಿಗೆಗಾದರೂ ಭಾವ ಇಲ್ಲ ಎಂದು ಸಂತೋಷವಾಯಿತು. ಹೆಡ್ ಎತ್ತಿ ಬದಿಗಿಟ್ಟು, ಅಕ್ಕ ಸೀಮೆಎಣ್ಣೆಯ ಬಟ್ಟೆಯಿಂದ ಪಿಸ್ಟನ್ನಿನ ತಲೆಯ ಮಸಿ ಒರಸಿದಳು. ಅದರ ಮೇಲೆ ಅರುವತ್ತು ಎಂದು ಅಚ್ಚು ಇತ್ತು, ಅಂದರೆ ಮೂಲ ಅಳತೆಗಿಂತ ಇಂಚಿನ ಸಾವಿರದಲ್ಲಿ ಅರುವತ್ತು ಭಾಗ ದೊಡ್ಡದು.

ಈ ಜಾತಿಯ ಇಂಜಿನ್ನಿಗೆ ಅದೇ ಕಡೆಯ ಅಳತೆ. ರೇಸಿಗೆ ಓಡಿಸಿದವರು ಕೊರೆಯುವಷ್ಟೂ ಕೊರೆದಾಗಿತ್ತು. ಗೇಜು ಹಾಕಿ ನೋಡಿದರೆ ಅದರ ಮೇಲೆ ಸವೆದೂ ಇತ್ತು, ಬೆಣ್ಣೆಯಂತೆ ತಿರುಗಿದ್ದು ಅದಕ್ಕೇ. ಸಿಲಿಂಡರಿನ ಗೋಡೆಯ ಆಚೆ ಇಂಜಿನ್ ತಣಿಸುವ ನೀರು ಹರಿಯುವ ಜಾಗ ಇರುತ್ತದೆ.

“ಇನ್ನು ಕೊರೆದ್ರೆ ನೀರು ಬರ್ತದೆ,” ಎಂದಳು ಅಕ್ಕ.

ಬಾವಿ ಕೊರೆಯುವವರಿಗೆ ಸಂತೋಷದ ಮಾತು. ನನಗೆ ತಲೆಯ ಮೇಲೆ ಕೈ ಹೊತ್ತು ಕೂರುವ ಹಾಗಾಯಿತು. ದೊಡ್ಡದು ಮಾಡುವ ಆಸೆ ಅಲ್ಲಿಗೆ ಮುಗಿಯಿತು. ಉಳಿದದ್ದು ಒಂದೇ ದಾರಿ. ಒಳಗೆ ಸ್ಲೀವ್ ಎನ್ನುವ ಹೊಸ ಕೊಳವೆ ಕೂರಿಸಿ, ಮೊದಲು ಕಾರ್ಖಾನೆಯಿಂದ ಬಂದಾಗ ಎಷ್ಟಿತ್ತೋ ಅಷ್ಟಕ್ಕೇ ಚಿಕ್ಕದು ಮಾಡುವುದು. ಆಗ ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ. ಆದರೆ ಭಾವನ ಕಾರಿನಷ್ಟೇ, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಮುಂಚೆಯೇ ಹೆಡ್ ಬಿಚ್ಚಿದ್ದರೆ ನಾನು ಇದನ್ನು ಕೊಳ್ಳುತ್ತಲೇ ಇರಲಿಲ್ಲ. ಅಕ್ಕ ಹೆಡ್ಡನ್ನು ಮತ್ತೆ ಕೂರಿಸಿ ನಟ್ಟು ಬಿಗಿದಳು, ಕೈ ತೊಳೆದುಕೊಂಡು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಹೋಗಿ ಕೂತಳು. ಭಾವ ಮಾರ್ಕೆಟಿನಿಂದ ಬರುವಾಗ ಇಂಜಿನ್ ಮೊದಲಿದ್ದ ಹಾಗೆಯೇ ಇತ್ತು.

ಮಂಗಳೂರಿಗೆ ಹೋಗುವ ಲಾರಿಯೊಂದಕ್ಕೆ ಇಂಜಿನ್ ಹಾಕಿಸುವ ಏರ್ಪಾಡನ್ನು ಭಾವನೇ ಮಾಡಿದರು. ಗೋಣಿ ಸುತ್ತಿ, ಹಗ್ಗ ಬಿಗಿದು, ಲಾರಿಯವನಿಗೆ ಎರಡು ಪ್ಲೇಟು ಇಡ್ಲಿ ತಿನ್ನಿಸಿ ಕಳಿಸಿದರು. ಮಧ್ಯಾಹ್ನದ ರೈಲಿಗೆ ನನ್ನನ್ನು ಬಿಡಲಿಕ್ಕೂ ಅವರೇ ಬಂದರು. ಹೋಟೆಲಿನಲ್ಲಿ ಗಿರಾಕಿಗಳ ರಶ್ಶು, ಅಕ್ಕ ಗಲ್ಲಾಪೆಟ್ಟಿಗೆ ಬಿಟ್ಟು ಏಳುವ ಹಾಗಿರಲಿಲ್ಲ. ದಾರಿಗೆಂದು ಭಾವ ಹಸಿರು ಚೂಡಾ ಎನ್ನುವ ಬರೋಡದ ಕುರುಕಲು ತಿಂಡಿ ಕಟ್ಟಿಸಿಕೊಟ್ಟಿದ್ದರು. ಪ್ಲಾಟ್‌ಫಾರ್ಮಿನಲ್ಲಿ ಭಾವ ಅದೂ ಇದೂ ಮಾತಾಡಿದರು. ರೈಲು ಬಂದು ನಿಂತಮೇಲೆ, ನಾನು ಕಿಟಕಿಯ ಪಕ್ಕ ಕೂತಮೇಲೆ, ಸರಳುಗಳನ್ನು ಹಿಡಿದು ಹತ್ತಿರ ಬಂದರು.

“ಪ್ರಭಾಕರ, ನಿನ್ನ ಕಿವಿಗೆ ಏನೂ ಆಗ್ಲಿಲ್ಲ.”

ಏನು ಭಾವ ಎಂದು ಕೇಳಿದೆ.

“ಆ ದಿನ ಅಂಗಡಿಗೆ ಬಂದ ಭಾವ್ ನನ್ನದೇ,” ಎಂದರು.

ಹಾಗಾದರೆ ಭಾವ್ ಬಂದದ್ದೂ ಹೌದು, ಭಾವ ಬಂದದ್ದೂ ಹೌದು!

“ನಿನಗೆ ಕೊಡಿಸ್ಲಿಕ್ಕೆ ಅಂತ ಹೋದೆ ಅಂತ ಹೇಳ್ಬಹುದು. ಹೇಳಿದ್ರೆ ಸುಳ್ಳಾಗ್ತದೆ. ಆ ಕಾರಿನ ಒಂದು ನಟ್ಟು ತಿರುಗಿಸುವಾಗಲೂ ನಿನ್ನಕ್ಕನ ಬಾಯಲ್ಲಿ ಒಂದೇ ಮಾತು. ಪ್ರಭ ಆದ್ರೆ ಹೀಗೆ ಮಾಡ್ತಿದ್ದ, ಪ್ರಭ ಆದ್ರೆ ಹಾಗೆ ಮಾಡ್ತಿದ್ದ. ನಾನು ಎಷ್ಟು ಅಂತ ಕೇಳುವುದು? ಕಾರಾದರೂ ನನ್ನ ಹತ್ರ ಉಂಟಲ್ಲ ಅಂತ ಇದ್ದೆ. ನಿಂದೂ ಓಡ್ಲಿಕ್ಕೆ ಶುರುವಾದ್ರೆ ಮತ್ತೆ ನನಗೆ ಎಂತ ಉಳಿಯುವುದು, ಹೇಳು.”

ಇಷ್ಟು ವರ್ಷ ನಾನು ಉರಿದದ್ದು ಯಾರನ್ನು ನೋಡಿಯೋ, ಅವರೂ ನನ್ನನ್ನು ನೋಡಿ ಉರಿಯುತ್ತಿದ್ದರು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಿಜ ಹೇಳುತ್ತೇನೆ, ಅಷ್ಟು ಸಂತೋಷ ನನಗೆ ಆ ಪ್ರಯಾಣದಲ್ಲಿ ಎಲ್ಲೂ ಆಗಿರಲಿಲ್ಲ. ಭರೂಚಿನ ಶೇಂಗಾ ತಿಂದಾಗಲೂ ಇಲ್ಲ.

ಸಿಗ್ನಲ್ ಬಿತ್ತು. ಭಾವ ಇನ್ನೂ ಸರಳು ಬಿಟ್ಟಿರಲಿಲ್ಲ. ಕೇಳಲೋ ಬೇಡವೋ ಎಂದು ಅನುಮಾನಿಸಿ ಕೇಳಿದರು.

“ಅದನ್ನು ಕೊರೆದು ದೊಡ್ಡದು ಮಾಡಿದ ಮೇಲೆ, ನಮ್ಮದಕ್ಕಿಂತ ಜೋರು ಓಡ್ತದಾ?”

ಪಿಸ್ಟನ್ನಿನ ಮೇಲಿನ ಅಚ್ಚು ನನ್ನ ಕಣ್ಣ ಮುಂದೆ ಬಂತು. ಅಕ್ಕ ಅವರಿಗೆ ಇನ್ನೂ ಹೇಳಿಲ್ಲ ಎಂದು ಗೊತ್ತಾಯಿತು. ಗಂಡಹೆಂಡಿರ ನಡುವೆ ಇಂಥ ಗುಟ್ಟು ಎಷ್ಟು ಹೊತ್ತು ಉಳಿಯುತ್ತದೆ, ಸಂಜೆಯೊಳಗೆ ಹೇಳಿಯೇ ಹೇಳುತ್ತಾಳೆ. ಸಂಜೆಯವರೆಗಾದರೂ ಇರಲಿ ಎಂದುಕೊಂಡೆ.

“ಓಡ್ತದೆ ಭಾವ,” ಎಂದೆ. “ನಿಮ್ಮದು ಕಣ್ಣಿಗೇ ಕಾಣುವುದಿಲ್ಲ.”

ರೈಲು ಹೊರಟಿತು. ತಿರುಗಿ ನೋಡಿದರೆ ಭಾವ ಅಲ್ಲೇ ನಿಂತಿದ್ದರು, ಕೈ ಎತ್ತಿದ್ದರು, ಬೀಸುವುದನ್ನು ಮರೆತಿದ್ದರು. ನಾನು ಸೂರತ್ ಬರುವವರೆಗೆ ಚೂಡಾ ತಿನ್ನುತ್ತಾ ಹೋದೆ.

ಊರಿಗೆ ಬಂದು ಇಂಜಿನ್ನಿಗೆ ಸ್ಲೀವ್ ಹಾಕುವ ಕೆಲಸ ಹಿಡಿದೆ. ಮೊದಲ ಭಾನುವಾರವೇ ಭಾವನ ಫೋನು ಬಂತು. ಸೆಕೆ, ಮೀನು, ನನ್ನ ಹೆಂಡತಿಯ ಆರೋಗ್ಯ ಎಲ್ಲ ವಿಚಾರಿಸಿ, ಕೊನೆಗೆ ಮೆಲ್ಲಗೆ ಕೊರೆದು ಆಯಿತಾ ಎಂದು ಕೇಳಿದರು. ಆಗುತ್ತಾ ಉಂಟು ಎಂದೆ. ಫೋನನ್ನು ಅಕ್ಕನಿಗೆ ಕೊಟ್ಟರು. ಅವಳು ಹಪ್ಪಳ ಚೆನ್ನಾಗಿತ್ತು ಎಂದಳು, ಇನ್ನೇನೂ ಹೇಳಲಿಲ್ಲ. ಅದಾದ ಮೇಲೆ ಎಷ್ಟೋ ಭಾನುವಾರಗಳು ಹೋದವು. ಪ್ರತಿ ಸಲ ಭಾವ ಆ ಪ್ರಶ್ನೆ ಕೇಳುತ್ತಾರೆ. ಪಿಸ್ಟನ್ನಿನ ಮೇಲಿದ್ದ ಆ ಅರುವತ್ತರ ಸುದ್ದಿಯನ್ನು ಅಕ್ಕ ಅವರಿಗೆ ಇಂದಿನವರೆಗೂ ಹೇಳಿಲ್ಲ.